ಅಳತಿ ಪುಸ್ತಕ

ಪುಸ್ತಕ ಒಯ್ಯಿರಿ ಸಾಹೇಬ್ರೆ, ಆದರ
ನನ್ನ ಅಕ್ಷರ ನಿಮಗ ತಿಳಿಯೂದಿಲ್ಲ. ನಾನೇ ಓದ್ತೀನಿ.

ಜೂನ್ ಹನ್ನೊಂದು. ದೇವಿಂದ್ರ, ಒಂದನೇತ್ತ.
ಎದಿ ಇಪ್ಪತ್ಮೂರು, ನಡು ಇಪ್ಪತ್ತೊಂದು,
ಚಡ್ಡಿ ಉದ್ದ ಹನ್ನೆರಡು.
ಪಕ್ಕದಾಗ ಸಣ್ಣಗ ಬರದದ್ದು: ಎರಡಿಂಚು ಒಳಮಡಿಕಿ.
ಬೆಳಿಯೂ ಕೂಸಿಗಿ ನಾವು ಸಿಂಪ್ಯಾರು ಬಿಡೂ ಜಾಗ ಅದು.

ಅವತ್ತು ಆಕಿ ನಕ್ಕೋತ ಕರ್ಕೊಂಡು ಬಂದಿದ್ಲು.
"ನಮ್ಮ ಹೊಟ್ಟ್ಯಾಗ ಹುಟ್ಟಿದ್ದಲ್ಲರಿ, ಸರ್ಕಾರದವರು ಕೊಟ್ಟಾರ,
ತಿಂಗಳಿಗಿ ನಾಕು ಸಾವಿರ ಬರ್ತದ."
ಕೂಸು ನನ್ನ ಗುಂಡಿ ಡಬ್ಬಿಗಿ ಕೈ ಹಾಕಿ
ಒಂದು ಹಿತ್ತಾಳಿ ಗುಂಡಿ ತಗದು
ಕಣ್ಣಿಗಿ ಹಚ್ಕೊಂಡು ತೂತಿನಾಗಿಂದ ನನ್ನ ನೋಡ್ತು.
ಇಟ್ಕೋ, ಅಂದೆ.
ಬ್ಯಾಡ. ಕೊಟ್ಟವರು ತಿರುಗಿ ಕಸ್ಕೋತಾರ, ಅಂತು.

ನವೆಂಬರ್ ನಾಕು. ಅದೇ ಕೂಸು.
ಎದಿ ಇಪ್ಪತ್ತೆರಡು, ನಡು ಹದಿನೆಂಟೂವರಿ.
ಟೇಪು ಹಳೇದಾಗಿ ಜಗ್ಗ್ಯದ ಅನ್ಕೊಂಡೆ.
ಬಜಾರಿಗಿ ಹೋಗಿ ಹೊಸಾದು ತಂದು ಮತ್ತ ಹಿಡದೆ.
ಹೊಸಾದೂ ಅದೇ ಹೇಳ್ತು.
ಮೂವತ್ತೆರಡು ವರ್ಷದ ದುಕಾನಿನ್ಯಾಗ
ಅಂಗಿ ಸಣ್ಣದಾಗಿದ್ದು ನೋಡೀನಿ,
ಕೂಸು ಸಣ್ಣದಾಗಿದ್ದು ನೋಡಿದ್ದಿಲ್ಲ.
ಕೇಳಿದೆನ್ರಿ ಆಕಿನ್ನ. "ಹೊಟ್ಟ್ಯಾಗ ಹುಳ ಆಗ್ಯಾವ" ಅಂದ್ಲು.
ನನಗ ಆ ಮಾತು ಬೇಕಾಗಿತ್ತು. ತಗೊಂಡೆ.

ಮಾರ್ಚ್ ಇಪ್ಪತ್ತು.
ಶಹಾಬಾದ ಬಿಸಲು ನಿಮಗ ಗೊತ್ತದಲ್ಲ, ಪರಸಿ ಖಣಿ ಕಾದ ಹಂಚಾಗಿತ್ತು,
ಕಾಗಿ ಸೈತ ನಳದ ಕೆಳಗ ಬಾಯಿ ತಗದು ಕುಂತಿದ್ದವು.
ಆಕಿ ಅಂದ್ಲು: ಅಂಗಿಗಿ ಫುಲ್ ತೋಳು ಇರ್ಲಿ,
ಮಣಿಕಟ್ಟಿನ ತನ, ಗುಂಡಿ ಹಚ್ಚಿ ಬಿಗಿ ಮಾಡ್ರಿ.
ನಾ ಹೇಳೂಕಿಂತ ಮೊದಲೇ ಕೂಸು ಎರಡೂ ಕೈ ಎತ್ತಿತ್ತು,
ಅಳತಿಗಿ ಎತ್ತಿದಂಗಲ್ಲ.
ಟೇಪು ಹೆಗಲಿಗಿ ತಾಕಿದ್ದೇ ತಡ, ತಲಿ ಮುಚ್ಕೊಂತು.
ತೋಳು ಹದಿನಾಲ್ಕು. ಮೊಳಕೈ ಹತ್ರ ಹಳದಿ, ನೀಲಿ,
ಮತ್ತ ಬೀಡಿ ತುದಿಯಷ್ಟು ದುಂಡಗ, ನಾಕು.
ಅದನ್ನ ಬರೀಲಿಲ್ಲ.
ಅದಕ್ಕ ನನ್ನ ಪುಸ್ತಕದಾಗ ಖಾನಿ ಇಲ್ಲ.
ಡಬ್ಬ್ಯಾಗಿನ ಆ ಹಿತ್ತಾಳಿ ಗುಂಡಿ ಹುಡುಕಿ ಮಣಿಕಟ್ಟಿಗಿ ಹಚ್ಚಿದೆ.
ನಾ ಮಾಡಿದ ಉಪಕಾರ ಅಷ್ಟೇ.

ನಿಮ್ಮ ಫಾರ್ಮಿನ್ಯಾಗೂ ಖಾನಿ ಇಲ್ಲೇನು?
ಮಂದಿ ಅಂತಾರ, ಕಲಬುರಗಿ ಆಫೀಸಿನವರು
ಮೂರು ಸಲ ಮನಿಗಿ ಬಂದು ನೋಡ್ಯಾರ ಅಂತ ಸಹಿ ಅವ,
ಮೂರೂ ಒಂದೇ ಪೆನ್ನು, ಒಂದೇ ಕುಂತ್ಗಿ:
"ಮಗು ಕುಟುಂಬದೊಂದಿಗೆ ಚೆನ್ನಾಗಿ ಹೊಂದಿಕೊಂಡಿದೆ."
ಆ ಮೇಡಂಗ ಎರಡು ತಾಲೂಕು, ತೊಂಬತ್ತು ಕೂಸು,
ಬಸ್ಸಿನ ಖರ್ಚು ಸೈತ ಕೊಡೂದಿಲ್ಲಂತ.
ಇರಬಹುದು.
ನನಗ ಬಸ್ಸು ಬೇಕಾಗಿದ್ದಿಲ್ಲ.
ಕೂಸು ನನ್ನ ಎರಡು ಕೈಯ ನಡುವ ನಿಂತಿತ್ತು.
ಎದುರಿಗಿನ ಸಾಲಿ ಗ್ವಾಡಿ ಮ್ಯಾಲ ದೊಡ್ಡದಾಗಿ ಬರದಾರ
ಒಂದು, ಸೊನ್ನೆ, ಒಂಬತ್ತು, ಎಂಟು.
ದಿನಾ ಅಂಕಿ ಬರಿಯೂಕಿ ನಾ. ಆ ನಾಕು ಒತ್ತಲಿಲ್ಲ.

ಬಚ್ಚಲದಾಗ ಪರಸಿ ಮ್ಯಾಲ ಜಾರಿ ಬಿದ್ದ, ಅಂತಾರ ಅವರು.
ಈ ಊರಾಗ ಪರಸಿ ಇಲ್ಲದ ಮನಿ ಯಾವುದದ?
ಎಲ್ಲಾ ಕೂಸೂ ಜಾರತಾವ. ಎದ್ದು ಅಳತಾವ.

ದವಾಖಾನಿ ಗಂಟು ಬಿಚ್ಚಿ, ಗುರ್ತು ಹಿಡಿ ಅಂದ್ರಿ.
ಹೊಲಿಗಿ ನಂದೇ. ಒಂದು ಎಳಿ ಸೈತ ಬಿಚ್ಚಿಲ್ಲ.
ಎಷ್ಟು ಚಂದ ಮುಚ್ಚೀನಿ ನೋಡ್ರಿ.
ಹಿತ್ತಾಳಿ ಗುಂಡಿ ಮಾತ್ರ ಇಲ್ಲ.
ಚಡ್ಡಿಯ ಎರಡಿಂಚು ಒಳಗ ಹಂಗೇ ಅದ.

ಯಾವಾಗ ಗೊತ್ತಾಯ್ತು ಅಂತ ಕೇಳಿದ್ರಲ್ಲ,
ಬರಕೋರಿ. ಮಾರ್ಚ್ ಇಪ್ಪತ್ತು.
ಫುಲ್ ತೋಳಿನ ಅಂಗಿ ಒಂದು, ಮಜೂರಿ ನೂರಾ ಎಂಬತ್ತು.
ಅದರ ಮುಂದ ನನ್ನ ಕೈಲೇ ಬರದೀನಿ:
ಮುಟ್ಟಿದೆ.