ಎಡಮಗ್ಗುಲು

ಒಂಬತ್ತಕ್ಕೆ ಬಿಳಿ ಕೋಟು ಬರ್ತವೆ, ಆರೋ ಏಳೋ,
ಒಂದಕ್ಕೂ ನಿದ್ದೆ ಸರಿಯಾಗಿಲ್ಲ.
ನಾನು ಹೇಳಿಸ್ಕೊಳ್ಳೂದಿಲ್ಲ. ಎಡಕ್ಕೆ ಹೊರಳ್ತೆ,
ಉಸಿರು ಪೂರ ಹೊರಗೆ ಬಿಟ್ಟು ಹಿಡ್ಕಂತೆ.
ಮಳೆಗಾಲಕ್ಕೊಂದು ಸಲ, ಚಳಿಗೊಂದು ಸಲ
ಕಾರವಾರದ ಇದೇ ವಾರ್ಡು. ಹನ್ನೊಂದು ವರ್ಷದ ಅಭ್ಯಾಸ.

"ಕೇಸು ಭಾರಿ ಒಳ್ಳೇದುಂಟು" ಅಂತ
ತಮ್ಮತಮ್ಮಲ್ಲೇ ಮಾತಾಡ್ಕಂತವೆ.
ಒಳ್ಳೇದು ಅಂದ್ರೆ ನನ್ನ ಎದೆಯೊಳಗಿನ ಬಾಗಿಲು.
ಸಣ್ಣಿದ್ದಾಗ ಗಂಟುಗಂಟಿಗೆ ನೋವಿನ ಜ್ವರ ಬಂದು
ಸಂದು ಕಟ್ಟಿಹೋದದ್ದು.

ಹೊಸಬರು ಯಾವಾಗ್ಲೂ ಒತ್ತುತ್ತಾರೆ.
ಚಿಕ್ಕೋಡಿ ಕಡೆಯ ಮಲಗೌಡನೂ ಒತ್ತಿದ,
ಚರ್ಮದ ಮೇಲೆ ದುಂಡಗೆ ಅಚ್ಚು ಬೀಳೂವಷ್ಟು.
"ಏನೂ ಕೇಳ್ತಿಲ್ಲಲ್ಲ."
ಮೆಲ್ಲಗೆ ಮಾರಾಯಾ, ಅಂದೆ.
ಅಘನಾಶಿನಿಯಲ್ಲಿ ಬಳಚು ಹುಡುಕೂದು ಹಿಂಗೇ,
ಕಣ್ಣಿಗಲ್ಲ, ಪಾದಕ್ಕೆ ಸಿಗೂದು.
ಜೋರಾಗಿ ತುಳಿದ್ರೆ ಬರೀ ಕೆಸರು.
ಅವ ಕೈ ಸಡಿಲ ಬಿಟ್ಟ.
ಹುಬ್ಬು ಮೇಲೆ ಹೋಯ್ತು.
ಸಿಕ್ಕಿತು, ನಂಗೆ ಗೊತ್ತಾಯ್ತು.

ಪರೀಕ್ಷೆಯಲ್ಲೂ ನಾನೇ ಅವನ ಪಾಲಿಗೆ ಬಂದೆ.
ಬಾಗಿಲಿನ ಅಗಲ, ಕಾಲಿನ ಬಾವು, ಕುತ್ತಿಗೆಯ ನರ,
ಉಸಿರು ತಗೊಳ್ಳದೆ ಒಪ್ಪಿಸಿದ.
ಪೆಡ್ನೇಕರ ಡಾಕ್ಟ್ರು ಕನ್ನಡಕ ಒರೆಸ್ಕಂತಾ ಕೇಳಿದ್ರು:
"ಇಪ್ಪತ್ತೊಂದು ದಿನಕ್ಕೊಂದು ಇಂಜೆಕ್ಷನ್.
ಜಟ್ಟಮ್ಮ ಈ ವರ್ಷ ನಾಲ್ಕು ತಪ್ಪಿಸಿದಾರೆ. ಯಾಕೆ?"
"ತಿಳುವಳಿಕೆ ಕಡಿಮೆ, ಸರ್."
ನಾನು ಬಲಕ್ಕೆ, ಗೋಡೆ ಕಡೆ ಹೊರಳಿದೆ.
ಹೊರಳು ಅಂತ ಯಾರೂ ಹೇಳಿರ್ಲಿಲ್ಲ.

ನಾನು ಮನೆಗೆ ಬಂದ ವಾರವೇ
ಡಾಕ್ಟ್ರು ಅಷ್ಟೂ ಮಂದಿಯನ್ನ ವ್ಯಾನಿನಲ್ಲಿ ಹೇರ್ಕಂಡು ಬಂದ್ರು.
ಅಮಾಸೆಯ ಇಳಿತ.
ಪ್ಯಾಂಟು ಮಡಚಿಸಿ, ಕೈಗೆ ಬುಟ್ಟಿ ಕೊಟ್ಟು, ಇಳಿಸಿದ್ರು.
ನಾನು ದಡದ ಮೇಲೆ ಕೂತು ನೋಡಿದೆ.
ಮಲಗೌಡ ಮೊಣಕಾಲುಮಟ ಹೂತ.
ಚಿಪ್ಪಿಗೆ ಹೆಬ್ಬೆರಳು ಸೀಳ್ಕಂಡ.
ಅರ್ಧ ಬುಟ್ಟಿಗೇ ಏದುಸಿರು,
ಅವನ ನಾಡಿ ಹಿಡಿಯೂವವರು ಬೇಕಾಗಿತ್ತು.
ಪಕ್ಕದಲ್ಲಿ ಮೂರನೇ ಬುಟ್ಟಿ ತುಂಬ್ತಾ ನನ್ನ ಸೊಸೆ ಬಾಗಮ್ಮ
ತಲೆ ಎತ್ತದೇ ಹೇಳಿದ್ಲು:
"ಅಮಾಸೆ, ಹುಣ್ಣಿಮೆ, ಅದರ ಆಚೀಚೆ ಎರಡೆರಡು ದಿನ
ನೀರು ಚಲೋ ಇಳೀತದೆ. ಅಷ್ಟರಲ್ಲಿ ಹೆಕ್ಕಿದ್ದೇ ದುಡ್ಡು.
ಚೀಟಿಯ ತಾರೀಖೂ ಆವತ್ತೇ ಬಿದ್ರೆ ಅತ್ತೆ ಜೊತೆ ಯಾರು ಹೋಗೂದು?
ಹೋದ್ರೂ ಒಂದ್ಸಲ ಔಷಧಿ ಬಂದಿಲ್ಲ,
ಒಂದ್ಸಲ ಸಿಸ್ಟರ್ ಮೀಟಿಂಗಿಗೆ."
ಅವ ಏನೂ ಅನ್ಲಿಲ್ಲ. ಬೆರಳಿಂದ ರಕ್ತ ಹೋಗ್ತಿತ್ತು.
ಬಾಗಮ್ಮನೇ ಸೆರಗಿನ ತುದಿ ಹರಿದು ಕಟ್ಟಿದ್ಲು.

ಆಮೇಲೆ ಮೂರು ತಿಂಗಳು ಅವನ್ನ ಕುಮಟಾಕ್ಕೆ ಹಾಕಿದ್ರು.
ಅವನ ಮೇಜಿನ ಮೇಲೆ ಪಂಚಾಂಗ!
ನೋಡಿ ನಗು ಬಂತು, ಮದುವೆ ಮಾಡಿಸ್ತಾನಾ ಎಂತ ಅಂತ.
ಚೀಟಿ ಬರೆಯೋ ಮೊದ್ಲು ಕೇಳ್ತಿದ್ದ,
"ಈ ವಾರ ನೀರಿಳಿಯೂದು ಎಷ್ಟೊತ್ತಿಗೆ?"
ಇಪ್ಪತ್ತೊಂದು ಒಂದೊಂದ್ಸಲ ಹತ್ತೊಂಬತ್ತಾಯ್ತು.
ತಪ್ಪಿದ್ದಿಲ್ಲ.

ಹೋಗೂ ದಿನ ಆ ಕೊಳವೆ ನನ್ನ ಕಿವಿಗೇ ಸಿಗಿಸಿದ.
ಮುಂದೆ ಎಲ್ಲಿಗೆ, ಹುಬ್ಬಳ್ಳಿಗೋ, ಊರಿಗೋ,
ನಾನು ಕೇಳ್ಲಿಲ್ಲ, ಅವ ಹೇಳ್ಲಿಲ್ಲ.
"ಕೇಳ್ತದಾ?"
ಬರೀ ಗಾಳಿ. ತದಡಿ ಬಾರ್ಜು ಆಚೆದಡದಲ್ಲಿ
ಇಂಜಿನ್ ಬಿಟ್ಟ ಹಂಗೆ ಏನೋ ಇತ್ತೋ ಇಲ್ಲವೋ.
ಕೇಳ್ತದೆ ಅಂದೆ.
ಪಾಪ, ಅಷ್ಟು ಆಸೆಯಿಂದ ನೋಡ್ತಿದ್ದ.

ಇವತ್ತು ಹೊಸ ಕೋಟು, ಹುಡುಗಿ, ಕೈ ತಣ್ಣಗೆ.
ಒತ್ತುತ್ತಿದಾಳೆ.
ಇರ್ಲಿ, ಒಂದು ಸಲ ಒತ್ತಲಿ.