ನೂರ ನಲವತ್ತು ಲಾರಿ

ತ್ಸಿಯಾಲಾಳ ಕೋಟಿನ ಒಳಜೇಬಿನಲ್ಲಿ
ನೂರ ನಲವತ್ತು ಲಾರಿ.
ನಗಬೇಡಿ, ಜಾರ್ಜಿಯಾದಲ್ಲಿ ದುಡ್ಡಿನ ಹೆಸರೇ ಹಾಗೆ.
ರುಸ್ತಾವಿಯಿಂದ ತಿಬಿಲೀಸಿಗೆ ವ್ಯಾನು,
ತೊಡೆಯ ಮೇಲೆ ಖಾಲಿ ಶೂ ಡಬ್ಬ,
ಅದರೊಳಗೆ ಮಡಚಿಟ್ಟ ಟವೆಲ್ಲು.
ತರುವ ವಸ್ತುವಿಗೆ ಪೆಟ್ಟಾಗಬಾರದಲ್ಲ.

ಸ್ಟೇಷನ್ ಚೌಕದ ನೆಲಮಾಳಿಗೆ.
ಚಾರ್ಜರು, ಚಪ್ಪಲಿ, ಚೀಸು ಮಾರುವವರನ್ನು ದಾಟಿದರೆ
ಮಾಲ್ಖಾಜನ ಗೂಡಂಗಡಿ.
ಹಲ್ಲಿನ ನಡುವೆ ಸ್ಕ್ರೂ ಕಚ್ಚಿಕೊಂಡೇ ಕೇಳಿದ:
"ಮೊಮ್ಮಗನಿಗಾ?"
"ನನಗೆ."
"ಏನು ಕೆಲಸಕ್ಕೆ?"
"ಆಟಕ್ಕೆ. ಹಿಮದ ರಸ್ತೆಯಲ್ಲಿ ಟ್ರಕ್ಕು ಓಡಿಸೋ ಆಟ."
ಸ್ಕ್ರೂ ಬಾಯಿಂದ ತೆಗೆದ, ಗೌರವಕ್ಕೋ ಏನೋ.

ಅವಳ ಭಾಷೆಯಲ್ಲೂ ಮದರ್‌ಬೋರ್ಡು ತಾಯಿಯೇ: ದೇದಾ.
ಮನೆಯ ನಡುಗಂಬ ತಾಯಿಗಂಬ, ರಾಜಧಾನಿ ತಾಯಿನಗರ.
ಗಂಡನ ಅಮ್ಮನನ್ನು ಕರೆಯುವ ಪದದೊಳಗೂ
ತಾಯಿಯೊಬ್ಬಳನ್ನು ತುರುಕಿಟ್ಟಿದ್ದಾರೆ;
ಇಪ್ಪತ್ತಾರು ವರ್ಷ ಹುಡುಕಿದಳು ತ್ಸಿಯಾಲಾ,
ಸಿಗಲಿಲ್ಲ.

ಮೊದಲು ಬಂದದ್ದು ಮಿನುಗುವ ಬೋರ್ಡು.
ಅಂಚಿಗೆಲ್ಲ ನೇರಳೆ ದೀಪ,
ಮೆಮೊರಿಗೆ ನಾಲ್ಕು ಸ್ಲಾಟು, ಬೆಲೆ ಇನ್ನೂರ ಹತ್ತು.
ಅವಳ ಹತ್ತಿರ ಇರುವುದೋ
ಕೆಳಮನೆಯ ಹುಡುಗ ಮಾರಿದ ಹಳೇ ಪ್ರೊಸೆಸರ್ರು.
ನಾವಾದರೆ ಮೂಗಿಗಿಂತ ಮೂಗುತಿ ಭಾರ ಅಂದುಬಿಡುತ್ತಿದ್ದೆವು.
ಅವಳು ಏನೂ ಅನ್ನದೆ ಕನ್ನಡಕ ಏರಿಸಿ
ಕರೆಂಟು ಹಾಯುವ ಕಡೆ ನೋಡಿದಳು.
ಬರಿಮೈ. ಕಾವು ಹೀರಲು ಲೋಹದ ಒಂದು ಚೂರೂ ಇಲ್ಲ.

ಮೂವತ್ತೊಂದು ವರ್ಷ ಉಕ್ಕಿನ ಕಾರ್ಖಾನೆಯ ಸೂರಿನಡಿ
ಕ್ರೇನ್ ಓಡಿಸಿದವಳು.
ಕೊಕ್ಕೆಯಲ್ಲಿ ಕೆಂಪು ಕಬ್ಬಿಣ ತೂಗುವಾಗ
ಸಾಹೇಬರು ಕೇಳುತ್ತಿದ್ದರು, ಎಷ್ಟು ಎತ್ತೀತು?
ಅವಳು ಕೇಳುತ್ತಿದ್ದಳು, ಎತ್ತಿ ಎಷ್ಟು ಹೊತ್ತು ನಿಂತೀತು?
"ಇದು ಎತ್ತುತ್ತೆ, ನಿಲ್ಲಲ್ಲ.
ಇನ್ನೊಂದು ತೋರಿಸು."

ಇನ್ನೊಂದು ಹೊಚ್ಚ ಹೊಸದು, ಪ್ಲಾಸ್ಟಿಕ್ಕೂ ಹರಿದಿಲ್ಲ.
ಆದರೆ ನಿಮ್ಮ ಪ್ರೊಸೆಸರಿನ ಗುರುತು ಹಿಡಿಯಲ್ಲ ಅಂದ,
ಒಂದು ತಲೆಮಾರು ಆಚೆಯದು.
"ತಾಯಿಯಂತೆ! ಗುರುತು ಹಿಡಿಯಲ್ಲವಂತೆ!"
ಮಾಲ್ಖಾಜ್ ನಗಲಿಲ್ಲ.
ಅವನದೂ ಏನೋ ಇದ್ದಿರಬೇಕು.

ಮೂರನೆಯದು ಮೇಜಿನಡಿಯಿಂದ ಬಂತು,
ಯಾವುದೋ ವಿಮಾ ಕಚೇರಿಯಲ್ಲಿ ದುಡಿದದ್ದು, ಮಾಸಲು ಕಂದು.
ಎರಡೇ ಸ್ಲಾಟು, ದೀಪಗೀಪ ಇಲ್ಲ.
ಆದರೆ ಕರೆಂಟಿನ ದಾರಿಗುಂಟ
ಹಲ್ಲುಹಲ್ಲಾದ ದಪ್ಪ ಅಲ್ಯೂಮಿನಿಯಂ.
ಸಾಕೆಟ್ಟಿನ ಸಾವಿರ ಸೂಜಿಗಳಲ್ಲಿ ಒಂದು ಮಾತ್ರ
ಪಕ್ಕದವಳ ಹೆಗಲಿಗೆ ಒರಗಿತ್ತು.
ಭೂತಗನ್ನಡಿ ಹಿಡಿದು, ಹೊಲಿಗೆಯ ಸೂಜಿಯಿಂದ
ಅದನ್ನು ನೆಟ್ಟಗೆ ನಿಲ್ಲಿಸುವ ತನಕ
ಅವನು ಉಸಿರಾಡಲಿಲ್ಲ. ಅವಳೂ,
ಹದಿನೆಂಟು ಟನ್ ಕೆಳಗಿಳಿಸುವಾಗ ಆಡದಿದ್ದ ಹಾಗೆ.

ನೂರ ಐವತ್ತು.
ನೂರು.
ನೂರ ಮೂವತ್ತು, ಸೂಜಿಯ ಕೆಲಸ ನೋಡಿದಿರಲ್ಲ.
ಸೂಜಿ ನಾನು ಬಗ್ಗಿಸಿದ್ದಾ?
ನೂರ ಇಪ್ಪತ್ತು. ಎರಡು ವಾರದ ಗ್ಯಾರಂಟಿ
ಸಿಗರೇಟು ಪ್ಯಾಕಿನ ಬೆನ್ನ ಮೇಲೆ, ಸಹಿ ಸಮೇತ.

ರಾತ್ರಿ, ಆರನೆಯ ಮಹಡಿ, ಅಡುಗೆಮನೆಯ ಮೇಜು.
ಮೊದಲ ಸಲ ಏನೂ ಆಗಲಿಲ್ಲ. ಒಂದು ವೈರು ಮರೆತಿದ್ದಳು.
ಎರಡನೆಯ ಸಲ ಒಂದೇ ಒಂದು ಬೀಪ್.
ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ತಾರೀಖು ಸರಿಪಡಿಸಿ.
ಬೋರ್ಡಿನ ಗುಂಡು ಬ್ಯಾಟರಿ ಸತ್ತಿದೆ; ಅದರ ಲೆಕ್ಕಕ್ಕೆ ಈಗ
ಎರಡು ಸಾವಿರದ ಹದಿನೈದು, ಜನವರಿ ಒಂದು,
ನಡುರಾತ್ರಿ ಕಳೆದು ಎರಡು ನಿಮಿಷ.

ಆ ಹೊತ್ತಿಗೆ ಅವಳು ಗಾಜಿನ ಗೂಡಿನಲ್ಲಿದ್ದಳು, ಹಬ್ಬದ ಪಾಳಿ.
ಥರ್ಮಾಸಿನ ಚಹಾ ಆರಿತ್ತು.
ಬಹಳ ಕೆಳಗೆ, ಯಾರೋ, ಟೊಪ್ಪಿ ಬೀಸಿದ್ದರು.

ಬ್ಯಾಟರಿಗೆ ಎರಡು ಲಾರಿ. ಚೌಕಾಸಿಯ ಭರದಲ್ಲಿ
ಕೇಳುವುದೇ ಬಿಟ್ಟುಹೋಗಿತ್ತು.
ನಾಳೆ ತಂದರಾಯಿತು.
ತಾರೀಖು ತಿದ್ದದೆ ಮುಂದೆ ಒತ್ತಿ,
ತೆರೆದ ಪೆಟ್ಟಿಗೆಯೊಳಕ್ಕೆ ಎರಡು ಬೆರಳು ಇಳಿಸಿ
ಅಲ್ಯೂಮಿನಿಯಂ ಮುಟ್ಟಿ ನೋಡಿದಳು.
ಉಗುರುಬೆಚ್ಚಗಿತ್ತು.