ಕೊಕ್

ಹನ್ನೆರಡು ಜನ ನಾವು, ಎಲ್ಲರೂ ಆರಡಿಯ ಮೇಲೆ.
ದಾವಣಗೆರೆಯ ಲಾಡ್ಜಿನ ಮಂಚ ನಮ್ಮ ಮಂಡಿಗೇ ಮುಗಿಯುತ್ತದೆ,
ಉಳಿದ ಕಾಲು ಸೂಟ್‌ಕೇಸಿನ ಮೇಲೆ ಮಲಗುತ್ತದೆ.
ಸಾಲಾಗಿ ಮೂರು ಪಂದ್ಯ ಸೋತಿದ್ದೆವು.
ಇಳಂಗೋ ಹರ್ಕೀರತನಿಗೆ ಬಾಲು ಕೊಡುತ್ತಿರಲಿಲ್ಲ,
ಹರ್ಕೀರತ ಇಳಂಗೋಗೆ ತಿಂಡಿಯ ಮೇಜಿನಲ್ಲಿ ಉಪ್ಪು ಕೊಡುತ್ತಿರಲಿಲ್ಲ.
ನನಗಂತೂ ಯಾರೂ ಏನೂ ಕೊಡುತ್ತಿರಲಿಲ್ಲ:
ಬೆಂಚಿನ ತುದಿ, ಹದಿನಾಲ್ಕನೇ ನಂಬರು,
ಸಂಬಳದ ದಿನ ಮಾತ್ರ ಆಟಗಾರ.

ಶುಕ್ರವಾರ ಬೆಳಿಗ್ಗೆ ಕೋಚ್ ನಮ್ಮನ್ನು ವ್ಯಾನಿಗೆ ತುಂಬಿ
ಮುಚ್ಚಿದ ಹತ್ತಿ ಮಿಲ್ಲಿನ ಹಿಂದಿನ ಬಯಲಿಗೆ ಸುರಿದರು.
ಅಲ್ಲಿ ಚಿಮಣಿಯೊಂದೇ ನಮಗಿಂತ ಎತ್ತರ.
ಗಾಳಿಯಲ್ಲಿ ಮಂಡಕ್ಕಿ ಭಟ್ಟಿಯ ಹೊಗೆ, ಕಾದ ಮರಳಿನ ವಾಸನೆ.
ಎರಡು ಕಂಬ, ನಡುವೆ ಸುಣ್ಣದ ಗೆರೆ.
ಹಾಲೇಶಪ್ಪ ಮೇಷ್ಟ್ರು ತಲೆಯೆತ್ತುವ ಗೋಜಿಗೆ ಹೋಗದೆ
ನಮ್ಮ ಮಂಡಿಗಳಿಗೇ ಹೇಳಿದರು:
"ಕುಂದರ್ರಿ."

ಮೇಲಕ್ಕೆ ಹಾರಿ ಅನ್ನ ತಿನ್ನುವ ಜನ,
ಕುಕ್ಕರಗಾಲಿನಲ್ಲಿ ಎಂಟು ಮಂದಿ, ಮಡಚಿಟ್ಟ ಏಣಿಗಳು,
ಒಬ್ಬ ಚಿಮಣಿಯ ಕಡೆ, ಒಬ್ಬ ರೈಲು ಹಳಿಯ ಕಡೆ ಮುಖ.
ಜೋಬಿನ್‌ನ ಮಂಡಿ ಲಟಕ್ಕೆಂದಿತು.
ಹರ್ಕೀರತ ಎರಡು ಸಲ ಹಿಂದಕ್ಕುರುಳಿ
ಆಕಾಶ ನೋಡುತ್ತ ಪಂಜಾಬಿಯಲ್ಲಿ ಯಾರನ್ನೋ ನೆನೆದ.

ಓಡಲು ಬಂದವರು ಒಂಬತ್ತನೇ ಕ್ಲಾಸಿನ ಮೂವರು:
ಶಾಹೀನಾ, ದುರುಗಮ್ಮ;
ಮೂರನೆಯವಳ ಹೆಸರು ಕೇಳುವಷ್ಟರಲ್ಲಿ ಅವಳು ಅಲ್ಲಿರಲಿಲ್ಲ.
ಏಳಡಿ ಹರವಿನ ತೋಳುಗಳಿಗೆ ಸಿಕ್ಕಿದ್ದು ಬರೀ ಗಾಳಿ,
ಒಮ್ಮೆ ಒಂದು ರಿಬ್ಬನ್ನು.
"ರಿಬ್ಬನ್ ನಂದಲ್ಲ ಅಂಕಲ್, ನಮ್ಮಕ್ಕಂದು. ಔಟಲ್ಲ."
ಮೇಷ್ಟ್ರು ಅದನ್ನೂ ಒಪ್ಪಿದರು.
ಇಪ್ಪತ್ತಾರಕ್ಕೇ ಅಂಕಲ್.

"ಬೆನ್ನಿಗೆ ಕೈ ಬೀಳೋ ಮಟ ಏಳಬಾರ್ದು,
ತಿರುಗಿ ನೋಡಬಾರ್ದು,
ಕೊಟ್ಟೋರು ಯಾರು ಅಂತ ಕೇಳಬಾರ್ದು. ಎದ್ದು ಓಡ್ಬೇಕಷ್ಟೆ."

ನಮ್ಮ ಆಟದಲ್ಲಿ ಬೆನ್ನಿಗೆ ಕೈ ಬಿದ್ದರೆ ಫೌಲು.
ಮೊಣಕೈ ಬಿದ್ದು ರೆಫ್ರಿ ನೋಡದಿದ್ದರೆ, ಅನುಭವ.
ಪೇಪರಿನವರ ಭಾಷೆಯಲ್ಲಿ ಕೊಕ್ ಎಂದರೆ ತಂಡದಿಂದ ಹೊರಗೆ;
ಆ ಪದಕ್ಕೆ ಹೆದರಿ ಎರಡು ಸೀಸನ್ ಟವೆಲ್ಲು ಮಡಚಿದ್ದೇನೆ.
ಇಲ್ಲಿ ಅದೇ ಪದಕ್ಕೆ ಅರ್ಥ: ಏಳು.

ಮತ್ತೆ ಕೂರುವುದು? ಅದು ನನಗೆ ಚೆನ್ನಾಗಿ ಬರುತ್ತದೆ.
ಕೂತವನೂ ಆಟದೊಳಗೇ ಇದ್ದಾನೆ ಎನ್ನುವುದಷ್ಟೇ ಹೊಸದು.
ಓಡುವವನಿಗೆ ಉಸಿರು ಕಟ್ಟಿದಾಗ
ಅವನು ಹುಡುಕುವುದು ಕೂತವನ ಬೆನ್ನನ್ನು.

ಹಿಂದೆ ಧಪಧಪ, ಹದಿಮೂರನೇ ಸೈಜಿನ ಶೂ.
ಆಮೇಲೆ ಅಂಗೈ, ಬೆವರಿಗೆ ಒದ್ದೆ, ಭುಜದೆಲುಬಿನ ಕೆಳಗೆ.
ಕೊಕ್.
ತಮಿಳು ಗಂಟಲಿನ ಕೊಕ್. ಇಳಂಗೋ.
ಎರಡು ವರ್ಷದಲ್ಲಿ ಅವನು ನನಗೆ ಕೊಟ್ಟ ಮೊದಲ ಪಾಸು,
ಅದರಲ್ಲಿ ಬಾಲೇ ಇರಲಿಲ್ಲ.

ಎದ್ದೆ. ಕಾಲು ಜೋಮು. ದುರುಗಮ್ಮನ ಹಿಂದೆ ಕಂಬದವರೆಗೆ,
ಕಂಬ ಹಿಡಿದು ತಿರುಗಿ, ಆರಡಿ ಏಳಿಂಚೂ ನೆಲಕ್ಕೆ ಬಿದ್ದು,
ಬೆರಳಿಗೆ ಸಿಕ್ಕಿದ್ದು ಸುಣ್ಣ.
ಅವಳು ಜಡೆ ಹಿಂದಕ್ಕೆಸೆದು ಕೇಳಿದಳು, "ನೋವಾತೇನ್ರಿ?"
ಎದ್ದು, ಎದುರಾದ ಬೆನ್ನಿಗೆ ಕೊಟ್ಟೆ: ಹರ್ಕೀರತ.
ಅವನೂ ತಪ್ಪಿಸಿಕೊಂಡ ಗಾಳಿಯನ್ನೇ ತಬ್ಬಿ,
ಹಿಂದೆ ತಿರುಗುವಂತಿಲ್ಲ, ಮುಂದೆ ಇದ್ದದ್ದು ಒಂದೇ ಬೆನ್ನು,
ನಾನು ಎದ್ದ ಜಾಗದಲ್ಲಿ ಕೂತ ಇಳಂಗೋನದು.
ಒಂದು ಗಳಿಗೆ ನಿಂತ.
ಮೇಷ್ಟ್ರು ಕೂಡ ಸೀಟಿಯನ್ನು ಬಾಯಲ್ಲೇ ಇಟ್ಟುಕೊಂಡರು.
ಕೊಟ್ಟ. ಗುದ್ದು ಎನ್ನಬಹುದಾದಷ್ಟು ಜೋರಾಗಿ.
ಇಳಂಗೋ ತಿರುಗಿ ನೋಡಲಿಲ್ಲ. ಓಡಿದ.

ಒಬ್ಬಳನ್ನೂ ಹಿಡಿಯಲಿಲ್ಲ ನಾವು.
ಪೇಪರಿನ ಮೇಲೆ ಸುರಿದ ಮಂಡಕ್ಕಿಗೆ ಇಪ್ಪತ್ತನಾಲ್ಕು ಕೈ,
ಮೊದಲೇ ಉಪ್ಪು ಹಾಕಿದ್ದರಿಂದ ಆ ವಿಷಯ ಅಲ್ಲಿಗೇ ನಿಂತಿತು.

ಭಾನುವಾರದ ಪಂದ್ಯಕ್ಕೂ ನಾನು ಬೆಂಚಿನಲ್ಲೇ.
ಜೋಬಿನ್ ಅಂಗಳದ ಕಡೆ, ನಾನು ಗೋಡೆಯ ಕಡೆ ಮುಖ.
"ಲೇ, ಆಟ ಈ ಕಡೆ ಐತೆ," ಎಂದರು ಕೋಚ್.
ತಿರುಗಿದೆ, ನಿಧಾನಕ್ಕೆ.
ಮಂಡಿಯ ಮೇಲೆ ಇನ್ನೂ ಮಿಲ್ಲಿನ ಮಣ್ಣು.